ನೀರಿಗಿಳಿದ ಮೇಲೆ ಚಳಿಯೇನು ಅನ್ನಬೇಡಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಈ ಸಲ ನಮಗೆ ಬಂದ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಅವುಗಳ ನಡುವೆ ಒಂದು ಪತ್ರ ಮಾತ್ರ ಬೇರೆ ಥರದ್ದು. ನೊಯ್ಡಾದ ಶ್ರೋತೃವೊಬ್ಬರು ಬರೆದಿದ್ದಾರೆ: "ಊರಲ್ಲಿದ್ದಾಗ ಕೆರೆ ಏರಿಯ ಮೇಲೆ ಕೂತು ಗಾಳ ಹಾಕುತ್ತಿದ್ದೆ. ದೆಹಲಿಗೆ ಬಂದ ಮೇಲೆ ಆ ಹುಚ್ಚು ಬಿಟ್ಟುಹೋಗಿತ್ತು. ಈಗ ಆಫೀಸಿನ ಗೆಳೆಯರು ಭೀಮತಾಲ್ ಕಡೆ ಹೋಗೋಣ ಅನ್ನುತ್ತಿದ್ದಾರೆ. ಕೂತು ತೇಲುವ ಟ್ಯೂಬು ಒಂದನ್ನು ಕೊಂಡಿದ್ದೇನೆ. ಅದರ ಜೊತೆಗೆ ವೇಡರ್ ಬೇಕಂತೆ. ಟ್ಯೂಬಿಗಿಂತ ಅದರ ಬೆಲೆಯೇ ಜಾಸ್ತಿ. ನಿಜವಾಗಿ ಬೇಕೇ? ಬೇಕಾದರೆ ಯಾವುದು?"

ಒಬ್ಬರ ಪ್ರಶ್ನೆಗೆ ಇಷ್ಟು ಸಮಯ ಯಾಕೆ ಅಂತ ನಿಮಗೆ ಅನ್ನಿಸಬಹುದು. ದೆಹಲಿ, ಗುಡಗಾಂವ್, ಫರೀದಾಬಾದ್, ಗಾಜಿಯಾಬಾದಿನ ಕನ್ನಡಿಗರು ರಜೆ ಸಿಕ್ಕರೆ ಕುಮಾವ್ ಬೆಟ್ಟದ ಕೆರೆಗಳ ಕಡೆ ಹೊರಡುವುದು ಹೊಸತಲ್ಲ. ಇಂಥ ಟ್ಯೂಬುಗಳು ಈಗ ಮನೆ ಬಾಗಿಲಿಗೇ ಬರುತ್ತವೆ. ಅದರ ಜೊತೆ ಬರುವ ಚೀಟಿಯಲ್ಲಿ ಗಾಳಿ ತುಂಬುವುದು ಹೇಗೆ ಎಂದು ಬರೆದಿರುತ್ತದೆ. ಏನು ತೊಟ್ಟು ಕೂರಬೇಕು ಎಂದು ಬರೆದಿರುವುದಿಲ್ಲ. ನೀರಿನ ವಿಷಯದಲ್ಲಿ ಬರೆಯದೆ ಬಿಟ್ಟ ಮಾತೇ ಕೆಲವೊಮ್ಮೆ ಜೀವಕ್ಕೆ ಬರುತ್ತದೆ. ಆದ್ದರಿಂದ ಇವತ್ತು ಅದನ್ನೇ ಮಾತಾಡೋಣ.

ಮೊದಲು ಈ ಟ್ಯೂಬು ಅಂದರೇನು? ಹೆಸರು ಹೊಸದು, ವಸ್ತು ಹಳೆಯದು. ಲಾರಿ ಚಕ್ರದ ಟ್ಯೂಬಿಗೆ ಗಾಳಿ ತುಂಬಿ ಊರ ಬಾವಿಯಲ್ಲಿ ಈಜು ಕಲಿತವರು ನಿಮ್ಮಲ್ಲೇ ಎಷ್ಟೋ ಜನ ಇದ್ದೀರಿ. ನಮ್ಮ ದೇಶದ ಅನೇಕ ಜಲಾಶಯಗಳಲ್ಲಿ ಬಡ ಮೀನುಗಾರರು ಇವತ್ತಿಗೂ ಅಂಥ ಟ್ಯೂಬಿನ ಮೇಲೆ ಕೂತೇ ಬಲೆ ಹಾಕುತ್ತಾರೆ. ಉತ್ತರ ಪ್ರದೇಶದ ಕೆರೆಗಳಲ್ಲಿ ಸಿಂಘಾಡ ಕೀಳುವವರೂ ಹಾಗೆಯೇ. ನವರಾತ್ರಿಯ ಉಪವಾಸಕ್ಕೆ ದೆಹಲಿಯ ಅಂಗಡಿಗಳಲ್ಲಿ ಸಿಂಘಾಡದ ಹಿಟ್ಟು ಸಿಗುತ್ತದಲ್ಲ, ಆ ಕಾಯಿಯನ್ನು ಗಂಟೆಗಟ್ಟಲೆ ನೀರಲ್ಲಿದ್ದು ಕೀಳುವವರು ಅವರು. ಅಮೆರಿಕದವರು ಅದೇ ಟ್ಯೂಬಿಗೆ ಗಟ್ಟಿ ಬಟ್ಟೆಯ ಹೊದಿಕೆ ಹಾಕಿ, ನಡುವೆ ಕೂರಲು ಅಗಲ ಪಟ್ಟಿ ಹೊಲಿದು, ಬೆನ್ನಿಗೆ ಒರಗು ಕೊಟ್ಟು, ಅಕ್ಕಪಕ್ಕ ಜೇಬು ಇಟ್ಟು ಫ್ಲೋಟ್ ಟ್ಯೂಬ್ ಎಂದರು. ಈಗಿನವು ಪೂರ್ತಿ ದುಂಡಗಿಲ್ಲ, ಮುಂದೆ ತೆರೆದುಕೊಂಡು ಕುದುರೆ ಲಾಳದ ಆಕಾರದಲ್ಲಿವೆ. ಕೂತವನ ಕಾಲು ನೀರೊಳಗೆ. ಪಾದಕ್ಕೆ ಬಾತುಕೋಳಿಯ ಪಾದದ ಹಾಗಿರುವ ರಬ್ಬರಿನ ಫಿನ್ ತೊಟ್ಟು, ಒದ್ದು ಒದ್ದು, ಹಿಂದು ಹಿಂದಕ್ಕೆ ಸಾಗಬೇಕು. ಕೈ ಎರಡೂ ಗಾಳದ ಕೋಲಿಗೆ ಬಿಡುವಾಗಿರುತ್ತವೆ. ಅದೇ ಅದರ ಸುಖ.

ಗಾಳದ ವಿನೋದ ನಮ್ಮವರಿಗೆ ಪಡುವಣದಿಂದ ಬಂದದ್ದೇನೂ ಅಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಎಂಥದು, ಅದಕ್ಕೆ ಯಾವ ಆಹಾರ ಒಡ್ಡಬೇಕು ಎಂಬುದನ್ನೆಲ್ಲ ಆ ಗ್ರಂಥ ಹೇಳುತ್ತದೆ. ಇನ್ನು ನೀರಿನ ಮೇಲೆ ಹೋಗಲು ನಮ್ಮ ಕಾವೇರಿ, ತುಂಗಭದ್ರೆಯವರಿಗೆ ಹರಿಗೋಲು ಇದೆ. ಹರಿಗೋಲಿನಲ್ಲಿ ನೀವು ಕೂರುತ್ತೀರಿ, ಅಂಬಿಗ ಹುಟ್ಟು ಹಾಕುತ್ತಾನೆ, ನೀರನ್ನು ತಡೆಯುವುದು ಬಿದಿರಿನ ಬುಟ್ಟಿಯ ಮೇಲಿನ ಹೊದಿಕೆ. ಅಂದರೆ ದೋಣಿ ಒಂದು, ಹುಟ್ಟು ಒಂದು, ಅಂಬಿಗ ಒಬ್ಬ, ಪ್ರಯಾಣಿಕ ಒಬ್ಬ.

ಟ್ಯೂಬಿನಲ್ಲಿ ಈ ನಾಲ್ಕೂ ನೀವೇ. ಹುಟ್ಟು ನಿಮ್ಮ ಕಾಲು. ಅಂಬಿಗ ನೀವು. ದೋಣಿಯ ತಳ ಎಂದರೆ ನೀವು ತೊಟ್ಟ ಬಟ್ಟೆ. ಆ ಬಟ್ಟೆಯೇ ವೇಡರ್. ಪಾದದಿಂದ ಎದೆಯವರೆಗೆ ಒಂದೇ ತುಂಡಾಗಿ ಬರುವ, ನೀರು ಒಳಗೆ ಬಿಡದ, ಹೆಗಲಿಗೆ ಪಟ್ಟಿ ಇರುವ ಉಡುಪು. ಬೇರೆ ಕಡೆ ಇದು ಕಾಲು ಒದ್ದೆಯಾಗದಿರಲಿ ಎಂದು ತೊಡುವ ವಸ್ತು. ಟ್ಯೂಬಿನಲ್ಲಿ ಮಾತ್ರ ಇದು ದೋಣಿಯ ಅರ್ಧ ಭಾಗ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಯ ಮುಕ್ಕಾಲು ಭಾಗ ತಾನಾಗಿ ಬಗೆಹರಿಯುತ್ತದೆ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಮ್ಮಲ್ಲಿ ಗಾದೆ ಇದೆ. ಧೈರ್ಯ ಹೇಳುವುದಕ್ಕೆ ಬಹಳ ಒಳ್ಳೆಯ ಗಾದೆ. ಟ್ಯೂಬಿನ ಮೇಲೆ ಕೂರುವವರು ಮಾತ್ರ ಅದನ್ನು ದಡದಲ್ಲೇ ಬಿಟ್ಟು ಹೋಗಬೇಕು. ಯಾಕೆಂದರೆ ಅಲ್ಲಿ ಚಳಿಯೇ ಮುಖ್ಯ ಪ್ರಶ್ನೆ. ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ದಡದಲ್ಲಿ ಹಿತವಾದ ಬಿಸಿಲಿರುತ್ತದೆ, ತಲೆಯ ಮೇಲೆ ಟೋಪಿ, ಕೈಯಲ್ಲಿ ಗಾಳ, ಮೇಲರ್ಧಕ್ಕೆ ಎಲ್ಲವೂ ಸುಖ. ಕೆಳಗಿನ ಅರ್ಧ ಮಾತ್ರ ಎರಡು ಮೂರು ಗಂಟೆ ತಣ್ಣೀರಿನಲ್ಲಿ. ಕಾಲು ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಸೆಡೆಯುತ್ತದೆ. ಹರಿಗೋಲಿನಲ್ಲಿ ಕಾಲು ಜೋಮು ಹಿಡಿದರೆ ಉಜ್ಜಿಕೊಂಡು ಕೂರಬಹುದು. ಇಲ್ಲಿ ಕಾಲು ನಿಂತರೆ ಹುಟ್ಟು ನಿಂತಂತೆ. ಅಷ್ಟರಲ್ಲಿ ಎದುರುಗಾಳಿ ಎದ್ದಿದ್ದರೆ ದಡ ದೂರವಾಗುತ್ತಾ ಹೋಗುತ್ತದೆ. ಆಗ ಎಷ್ಟು ದೊಡ್ಡ ಮೀನು ಸಿಕ್ಕಿದ್ದರೂ ಸಂತೋಷವಿಲ್ಲ.

ಸರಿ, ಈಗ ಆಯ್ಕೆಗೆ ಬರೋಣ. ಎತ್ತರದ ಲೆಕ್ಕದಲ್ಲಿ ವೇಡರ್‌ನಲ್ಲಿ ಮೂರು ಬಗೆ: ತೊಡೆಮಟ್ಟ, ಸೊಂಟಮಟ್ಟ, ಎದೆಮಟ್ಟ. ಟ್ಯೂಬಿಗೆ ಎದೆಮಟ್ಟದ್ದು ಒಂದೇ. ಇದರಲ್ಲಿ ಚರ್ಚೆ ಬೇಡ. ಕೂತಾಗ ನೀರು ತೊಡೆಯವರೆಗೋ ಸೊಂಟದವರೆಗೋ ಬಂದೇ ಇರುತ್ತದೆ. ಆಚೀಚೆ ಸ್ವಲ್ಪ ವಾಲಿದರೂ ತೊಡೆಮಟ್ಟದ ವೇಡರ್ ಎರಡು ಕೊಡ ಕಟ್ಟಿಕೊಂಡ ಹಾಗೆ ತುಂಬಿಕೊಳ್ಳುತ್ತದೆ.

ಎರಡನೆಯದು ಪಾದ. ಕೆಲವು ವೇಡರ್‌ಗಳಿಗೆ ಗಮ್‌ಬೂಟು ಅಂಟಿಸಿಯೇ ಬಂದಿರುತ್ತದೆ. ಇನ್ನು ಕೆಲವಕ್ಕೆ ಬೂಟಿಲ್ಲ, ಕೊನೆಯಲ್ಲಿ ದಪ್ಪ ಕಾಲುಚೀಲದಂಥ ಪಾದ ಇರುತ್ತದೆ. ದೆಹಲಿಯಲ್ಲಿ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗೆ ಹೋಗಿ ಕೇಳಿದರೆ ನಿಮಗೆ ತೋರಿಸುವುದು ಹೆಚ್ಚಾಗಿ ಮೊದಲನೆಯದನ್ನೇ. ಗಟ್ಟಿ ಪಿವಿಸಿ ಬಟ್ಟೆ, ಅಂಟಿಸಿದ ಬೂಟು, ಬೆಲೆಯೂ ಕಡಿಮೆ. ಮೀನು ಸಾಕಣೆ ಕೊಳಗಳಲ್ಲಿ, ಚರಂಡಿ ಕೆಲಸದಲ್ಲಿ ತೊಡುವುದು ಇದನ್ನು. 2013ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದಾಗ, ಅದರ ನಿಯಮಗಳಲ್ಲಿ ಚರಂಡಿ ಸ್ವಚ್ಛಗೊಳಿಸುವವರಿಗೆ ಕೊಡಲೇಬೇಕಾದ ರಕ್ಷಣಾ ಸಾಮಗ್ರಿಗಳ ಪಟ್ಟಿ ಮಾಡಿದರು. ಅದರಲ್ಲಿ ಬೂಟು ಸಹಿತವಾದ ಮೀನುಗಾರರ ವೇಡರ್ ಕೂಡ ಸೇರಿದೆ. ನಮಗೆ ಹವ್ಯಾಸದ ವಸ್ತುವಾಗಿರುವುದು ಈ ಊರಿನಲ್ಲಿ ಬೇರೊಬ್ಬರ ಪ್ರಾಣರಕ್ಷಣೆಯ ಹಕ್ಕು ಎಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಈ ಬಗೆ ನಿಂತು ಮಾಡುವ ಕೆಲಸಕ್ಕೆ ಹೊಲಿದದ್ದು. ಟ್ಯೂಬಿಗೆ ಸಲ್ಲದು. ಮೊದಲ ಕಾರಣ, ದೊಡ್ಡ ಗಮ್‌ಬೂಟಿನ ಮೇಲೆ ಫಿನ್ ಸರಿಯಾಗಿ ಕೂರುವುದಿಲ್ಲ. ಕೂತರೂ ನಾಲ್ಕು ಸಲ ಒದೆಯುವಷ್ಟರಲ್ಲಿ ಕಳಚಿಕೊಳ್ಳುತ್ತದೆ. ಎರಡನೆಯ ಕಾರಣ, ಬೂಟಿನೊಳಗೆ ಪಾದ ಅಲ್ಲಾಡುತ್ತದೆ, ಒದ್ದ ಶಕ್ತಿಯೆಲ್ಲ ಅಲ್ಲೇ ಹೋಗುತ್ತದೆ. ಮೂರನೆಯದು, ಆ ಪಿವಿಸಿ ಬಟ್ಟೆ ಹಿಗ್ಗುವುದಿಲ್ಲ. ಗಂಟೆಗಟ್ಟಲೆ ಮಂಡಿ ಮಡಚಿ ಬಿಚ್ಚಿ ಮಾಡಿದರೆ ಮಂಡಿಯ ಹಿಂದೆ, ಕವಲಿನ ಹತ್ತಿರ ಹೊಲಿಗೆ ಬಿಡುತ್ತದೆ.

ಆದ್ದರಿಂದ ಕಾಲುಚೀಲದ ಪಾದ ಇರುವುದನ್ನು ಆರಿಸಿಕೊಳ್ಳಿ. ಆ ಪಾದವನ್ನು ಸಾಮಾನ್ಯವಾಗಿ ನಿಯೋಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನಲ್ಲಿ ಮಾಡಿರುತ್ತಾರೆ. ಹಾಗೆಂದು ಅದರ ಮೇಲೆ ನೇರವಾಗಿ ಫಿನ್ ತೊಡಬೇಡಿ. ನೀರಿಗೆ ಇಳಿಯುವಾಗ, ಹತ್ತುವಾಗ ನಾಲ್ಕು ಹೆಜ್ಜೆ ಕಲ್ಲಿನ ಮೇಲೆ ಇಡಲೇಬೇಕಲ್ಲ. ನಮ್ಮ ಕರ್ನಾಟಕದ ಕೆರೆಯಂಗಳವಾದರೆ ಬಳ್ಳಾರಿ ಜಾಲಿಯ ಮುಳ್ಳು. ದೆಹಲಿ ಸುತ್ತಲೂ ಅದೇ ಗಿಡ, ಇಲ್ಲಿನವರು ವಿಲಾಯತಿ ಕೀಕರ್ ಅನ್ನುತ್ತಾರೆ. ಚಪ್ಪಲಿಯ ಅಟ್ಟೆಯನ್ನೇ ತೂರುವ ಮುಳ್ಳಿಗೆ ಇದು ಯಾವ ಲೆಕ್ಕ? ಮೇಲೆ ತೆಳುವಾದ, ಗಟ್ಟಿ ತಳದ ಒಂದು ಬೂಟು ಬೇಕು. ಮುಳುಗುಗಾರರು ತೊಡುವ ಮೋಟು ಬೂಟು ಸಾಕು. ಆಮೇಲೆ ಅದರ ಮೇಲೆ ಹಿಂದೆ ಪಟ್ಟಿ ಬಿಗಿಯುವ ಫಿನ್. ಈ ಮೂರನ್ನೂ ಒಟ್ಟಿಗೆ ತೊಟ್ಟು ನೋಡಿಯೇ ಕೊಳ್ಳಬೇಕು. ಮೊದಲು ಫಿನ್ ತಂದು, ಆಮೇಲೆ ಬೂಟು ತಂದು, ಕೊನೆಗೆ ವೇಡರ್ ತಂದರೆ ಒಂದರೊಳಗೆ ಒಂದು ಹೋಗುವುದಿಲ್ಲ.

ಮೂರನೆಯದು ಬಟ್ಟೆ. ಜನ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇಲ್ಲಿ. ಮುಖ್ಯವಾಗಿ ಎರಡು. ಒಂದು ಪೂರ್ತಿ ನಿಯೋಪ್ರೀನ್‌ನದು, ಮೂರರಿಂದ ಐದು ಮಿಲಿಮೀಟರ್ ದಪ್ಪ. ಅದರ ಒಳಗೆಲ್ಲ ಮುಚ್ಚಿದ ಸಣ್ಣ ಸಣ್ಣ ಗಾಳಿಗುಳ್ಳೆಗಳು. ಅವೇ ಮೈಯನ್ನು ಬೆಚ್ಚಗಿಡುತ್ತವೆ, ಸ್ವಲ್ಪ ತೇಲಿಸುತ್ತವೆ ಕೂಡ. ಇನ್ನೊಂದು ಉಸಿರಾಡುವ ಬಟ್ಟೆ ಎಂದು ಕರೆಯುವ ತೆಳುವಾದ ಬಗೆ. ಅದರ ಪೊರೆ ಹೊರಗಿನ ನೀರನ್ನು ಬಿಡುವುದಿಲ್ಲ, ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಹಗುರ, ಮಡಚಿ ಚೀಲಕ್ಕೆ ಹಾಕಬಹುದು, ಬೆಲೆ ಜಾಸ್ತಿ. ಅಂಗಡಿಯವರು ಇದನ್ನೇ ಹೊಗಳುತ್ತಾರೆ.

ಟ್ಯೂಬಿನವರು ತಿಳಿದಿರಬೇಕಾದ ಒಂದು ಗುಟ್ಟು ಇಲ್ಲಿದೆ. ತೆಳು ಬಟ್ಟೆಗೆ ತನ್ನದೇ ಆದ ಬಿಸುಪಿಲ್ಲ. ದಡದಲ್ಲಿ ನಡೆಯುವಾಗ ಬಟ್ಟೆಗೂ ಕಾಲಿಗೂ ನಡುವೆ ಇರುವ ಗಾಳಿ ಬೆಚ್ಚಗಿಡುತ್ತದೆ. ನೀರಿಗೆ ಇಳಿದ ಕೂಡಲೇ ನೀರಿನ ಒತ್ತಡ ಆ ಗಾಳಿಯನ್ನೆಲ್ಲ ಮೇಲಕ್ಕೆ ಹಿಂಡಿ ಬಟ್ಟೆಯನ್ನು ಕಾಲಿಗೆ ಅಂಟಿಸಿಬಿಡುತ್ತದೆ. ಇನ್ನು ಆ ಉಸಿರಾಟವೂ ನೀರೊಳಗೆ ಇರುವ ಭಾಗದಲ್ಲಿ ಅಷ್ಟಕ್ಕಷ್ಟೆ. ಆದ್ದರಿಂದ ಉಸಿರಾಡುವ ವೇಡರ್ ಕೊಂಡರೆ ಅದರೊಳಗೆ ಏನು ತೊಡುತ್ತೀರಿ ಎಂಬುದೇ ಮುಖ್ಯವಾಗುತ್ತದೆ. ಉಣ್ಣೆಯ ಬಿಗಿ ಪೈಜಾಮ, ಅದರ ಮೇಲೆ ದಪ್ಪ ಫ್ಲೀಸ್, ಕಾಲಿಗೆ ಉಣ್ಣೆಯ ಚೀಲ. ದೆಹಲಿಯ ಜನವರಿಗೆಂದು ಕೊಂಡ ಒಳ ಉಡುಪು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ, ಅದು ಹತ್ತಿಯದಾಗಿರದಿದ್ದರೆ. ಹತ್ತಿ ಬೆವರು ಕುಡಿದು ಒದ್ದೆಯಾಗಿ ತಣ್ಣಗೆ ಕೂರುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ.

ಹಾಗಾದರೆ ಯಾವುದು? ನೀವು ಹೋಗುವ ನೀರನ್ನು ಕೇಳಿ. ನವೆಂಬರಿನಿಂದ ಮಾರ್ಚಿಯವರೆಗೆ ಕುಮಾವ್ ಬೆಟ್ಟದ ಕೆರೆಗಳಿಗೆ ಹೋಗುವುದಾದರೆ ನಿಯೋಪ್ರೀನ್ ಒಳ್ಳೆಯದು, ಅಥವಾ ಎರಡು ಪದರ ಒಳ ಉಡುಪಿನ ಮೇಲೆ ತೆಳು ವೇಡರ್. ಭೀಮತಾಲ್ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಮುಂಜಾನೆ ಅಲ್ಲಿ ನೀರಿಗೆ ಕೈಯಿಟ್ಟರೆ ಮೈಯೆಲ್ಲ ಜುಮ್ಮೆನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ತೆಳುವಾದದ್ದೇ ಸರಿ. ಬಿಸಿಲಲ್ಲಿ ನಿಯೋಪ್ರೀನ್ ತೊಟ್ಟು ಟ್ಯೂಬು ಹೊತ್ತು ನಡೆದರೆ ನೀರು ಸೇರುವ ಮುಂಚೆಯೇ ಬೆಂದುಹೋಗುತ್ತೀರಿ. ವರ್ಷಕ್ಕೆ ಒಂದನ್ನೇ ಕೊಳ್ಳಲು ಸಾಧ್ಯ ಎನ್ನುವವರಿಗೆ ನನ್ನ ಮಾತು: ತೆಳುವಾದದ್ದನ್ನು ಸ್ವಲ್ಪ ಸಡಿಲವಾಗಿ ಕೊಂಡು, ಚಳಿಯನ್ನು ಒಳ ಉಡುಪಿಗೆ ಬಿಡಿ. ಪದರ ತೆಗೆಯಬಹುದು, ಹಾಕಬಹುದು. ನಿಯೋಪ್ರೀನ್‌ನ ದಪ್ಪವನ್ನು ಬೇಸಿಗೆಯಲ್ಲಿ ಕಡಿಮೆ ಮಾಡಲು ಆಗುವುದಿಲ್ಲ.

ಊರಿಗೆ ಹೋದಾಗ ನಮ್ಮ ಬಯಲುಸೀಮೆಯ ಕೆರೆಯಲ್ಲಿ ಇಳಿಯುವವರಿಗೆ ಚಳಿಯ ಚಿಂತೆ ಇಲ್ಲ. ವೇಡರ್ ಬೇಡ, ಬೇಗ ಒಣಗುವ ಪ್ಯಾಂಟು ಸಾಕು ಎಂದು ಅನ್ನಿಸಬಹುದು. ನೀರು ಶುದ್ಧವಾಗಿದ್ದರೆ ಅದೂ ಸರಿಯೇ. ಆದರೆ ಕಾಲಿನಲ್ಲಿ ಗಾಯ ಇದ್ದರೆ, ದನಕರು ಇಳಿಯುವ ನೀರಾದರೆ, ಮಳೆಗಾಲದ ಹೊಸ ನೀರಾದರೆ ಇಲಿಜ್ವರದ ಭಯ ಇದ್ದೇ ಇದೆ. ಅಂಥ ಕಡೆ ಚಳಿಗಲ್ಲದಿದ್ದರೂ ಚರ್ಮಕ್ಕೆಂದು ತೆಳು ವೇಡರ್ ತೊಡಬೇಕು.

ನಾಲ್ಕನೆಯದು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಕಾಲು ಚಾಚುವಷ್ಟು ಬಟ್ಟೆ ಇದೆಯೇ ಎಂದು ಮೊದಲು ನೋಡಬೇಕು. ಹೊರದೇಶದಿಂದ ಬರುವ ವೇಡರ್‌ಗಳನ್ನು ಅಲ್ಲಿನ ಎತ್ತರದ ಜನಕ್ಕೆ ಕತ್ತರಿಸಿರುತ್ತಾರೆ. ನಮ್ಮಲ್ಲಿ ಎದೆಗೆ ಸರಿಹೋದರೆ ಕಾಲು ಉದ್ದ, ಕಾಲಿಗೆ ಸರಿಹೋದರೆ ಹೊಟ್ಟೆಗೆ ಬಿಗಿ. ಆದ್ದರಿಂದ ಎಸ್, ಎಂ, ಎಲ್ ಎಂಬ ಅಕ್ಷರ ನಂಬಬೇಡಿ. ಒಳ ಉಡುಪೆಲ್ಲ ತೊಟ್ಟು ಎದೆ, ಸೊಂಟ, ಕವಲಿನಿಂದ ಪಾದದವರೆಗಿನ ಉದ್ದ, ಪಾದದ ಅಳತೆ ನಾಲ್ಕನ್ನೂ ಬರೆದಿಟ್ಟುಕೊಂಡು ತಯಾರಕರ ಪಟ್ಟಿಯ ಜೊತೆ ತಾಳೆ ನೋಡಿ. ಹೆಂಗಸರಿಗೆ ಬೇರೆ ಕತ್ತರಿಸಿದವು ಬರುತ್ತವೆ. ಗಂಡಸರದ್ದನ್ನೇ ಸಣ್ಣದು ತೊಡಲು ಹೋಗಬೇಡಿ, ಅಮ್ಮಂದಿರೇ.

ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೂತು ನೋಡಬೇಕು. ಒಂದು ಕುರ್ಚಿ ಕೇಳಿ, ಹಿಂದಕ್ಕೆ ಒರಗಿ ಕೂತು, ಕಾಲು ಮುಂದೆ ಚಾಚಿ ಸೈಕಲ್ ತುಳಿದ ಹಾಗೆ ಮಾಡಿ. ಹೆಗಲ ಪಟ್ಟಿ ಎಳೆದರೆ ಚಿಕ್ಕದು. ಮಂಡಿಯ ಹಿಂದೆ ಬಟ್ಟೆ ಗಂಟುಗಂಟಾದರೆ ದೊಡ್ಡದು. ಪಾದದ ಚೀಲದಲ್ಲಿ ಬೆರಳು ಆಡಬೇಕು. ಬೆರಳು ಆಡದಷ್ಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಎಷ್ಟು ಉಣ್ಣೆ ತೊಟ್ಟರೂ ಕಾಲು ತಣ್ಣಗಾಗುತ್ತದೆ. ಕೂರುವ ಜಾಗದಲ್ಲಿ ಎರಡು ಪದರ ಬಟ್ಟೆ ಇದೆಯೇ ನೋಡಿ, ಸವೆಯುವುದು ಅಲ್ಲಿಯೇ. ಇನ್ನೊಂದು ಮಾತು, ನಾಚಿಕೆ ಬಿಟ್ಟು ಹೇಳುತ್ತೇನೆ. ತಣ್ಣೀರಿನಲ್ಲಿ ಕೂತರೆ ಮೂತ್ರಕ್ಕೆ ಬೇಗ ಬೇಗ ಬರುತ್ತದೆ. ಮುಂದೆ ಜಿಪ್ ಇರುವುದು, ಅಥವಾ ಹೆಗಲ ಪಟ್ಟಿಯನ್ನು ಸುಲಭವಾಗಿ ಕಳಚಬಹುದಾದದ್ದು ಒಳ್ಳೆಯದು. ಹಾಗಾಗದಿರಲಿ ಎಂದು ನೀರು ಕುಡಿಯದೆ ಕೂರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ವೇಡರ್ ಒಳಗೆ ನೀರು ತುಂಬಿದರೆ ಕಲ್ಲಿನ ಹಾಗೆ ಮುಳುಗಿಸಿಬಿಡುತ್ತದೆಯೇ? ಇದು ಹಳೆಯ ಭಯ. ಅಮೆರಿಕದ ಹೆಸರಾಂತ ಗಾಳಗಾರ ಲೀ ವುಲ್ಫ್ ಇದು ಸುಳ್ಳೆಂದು ತೋರಿಸಲು ವೇಡರ್ ತೊಟ್ಟು ಸೇತುವೆಯ ಮೇಲಿಂದ ಹೊಳೆಗೆ ಹಾರಿ ಈಜಿಕೊಂಡು ದಡ ಸೇರಿದವರು. ಕಾರಣ ಸರಳ. ನೀರಿನೊಳಗೆ ನೀರಿಗೆ ತೂಕವಿಲ್ಲ. ಬಾವಿಯಲ್ಲಿ ಮುಳುಗಿದ ಕೊಡ ನೀರೊಳಗೆ ಹಗುರವಾಗಿ ಬರುತ್ತದೆ, ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ, ಅಲ್ಲವೇ? ಅದೇ ಲೆಕ್ಕ ಇಲ್ಲಿಯೂ.

ಹಾಗೆಂದು ನಿಶ್ಚಿಂತೆಯಾಗಿ ಇರುವಂತಿಲ್ಲ. ಅಪಾಯ ಬೇರೆ ಕಡೆ ಇದೆ. ಒಂದು, ತುಂಬಿದ ವೇಡರ್‌ನಲ್ಲಿ ಕಾಲು ಒದೆಯುವುದು ಬಹಳ ಕಷ್ಟ. ಎರಡು, ದಡ ಹತ್ತುವಾಗ ಒಂದೊಂದು ಲೀಟರಿಗೂ ಒಂದೊಂದು ಕಿಲೋ ಭಾರ. ದಣಿದವನು ಮೊಣಕಾಲುದ್ದ ನೀರಿನಲ್ಲಿ ಏಳಲಾರದೆ ಬೀಳುತ್ತಾನೆ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು, ತಣ್ಣೀರಿನ ಆಘಾತ. 15 ಡಿಗ್ರಿಗಿಂತ ತಣ್ಣಗಿನ ನೀರು ದಿಢೀರನೆ ಮೈಗೆ ತಾಗಿದರೆ ಉಸಿರು ತಾನಾಗಿ ಎಳೆದುಕೊಂಡು ಏದುಸಿರು ಬರುತ್ತದೆ. ಆ ಕ್ಷಣದಲ್ಲಿ ಬಾಯಿ ನೀರೊಳಗಿದ್ದರೆ, ಒಳ್ಳೆಯ ಈಜುಗಾರನಿಗೂ ಕಷ್ಟ. ಆ ಮೊದಲ ಒಂದು ನಿಮಿಷ ಗಾಬರಿಯಾಗದೆ ಮುಖ ಮೇಲೆ ಇಟ್ಟುಕೊಂಡರೆ ಉಸಿರು ಹತೋಟಿಗೆ ಬರುತ್ತದೆ.

ಇದಕ್ಕೆ ಎರಡು ಮದ್ದು. ಮೊದಲನೆಯದು ಬೆಲ್ಟು. ವೇಡರ್ ಮೇಲೆ ಸೊಂಟದಿಂದ ಸ್ವಲ್ಪ ಮೇಲೆ ಹಿಗ್ಗುವ ಬೆಲ್ಟು ಬಿಗಿದರೆ ಮೇಲಿಂದ ಬಂದ ನೀರು ಕಾಲಿಗೆ ಇಳಿಯುವುದು ಬಹಳ ನಿಧಾನವಾಗುತ್ತದೆ. ಎಷ್ಟೋ ಜನ ಅದನ್ನು ಅಲಂಕಾರ ಎಂದು ಮನೆಯಲ್ಲೇ ಬಿಡುತ್ತಾರೆ. ಎರಡನೆಯದು ಲೈಫ್ ಜಾಕೆಟ್. ಟ್ಯೂಬೇ ತೇಲುತ್ತದಲ್ಲ, ಜಾಕೆಟ್ ಯಾಕೆ ಅನ್ನಬೇಡಿ. ಟ್ಯೂಬು ತೇಲುವುದು ಟ್ಯೂಬನ್ನು. ನೀವು ಅದರಿಂದ ಜಾರಿದ ಮೇಲೆ ನಿಮ್ಮನ್ನು ತೇಲಿಸುವುದು ಜಾಕೆಟ್. ವೇಡರ್‌ಗೆ ಎಂದು ಇಟ್ಟ ಹಣದಲ್ಲಿ ಮೊದಲು ಜಾಕೆಟ್ ಕೊಳ್ಳಿ, ಉಳಿದದ್ದರಲ್ಲಿ ವೇಡರ್ ನೋಡಿ. ಅದು ಕಡಿಮೆ ಬೆಲೆಯದಾದರೂ ಚಿಂತೆಯಿಲ್ಲ. ಜಾಕೆಟ್ ಕೊಂಡಾಗ ವೇಡರ್ ಮೇಲೆ ತೊಟ್ಟು, ಟ್ಯೂಬಿನಲ್ಲಿ ಕೂತು ನೋಡಿ. ಒರಗು ತಾಗಿ ಜಾಕೆಟ್ ಕತ್ತಿಗೆ ಬಂದರೆ ಗಿಡ್ಡನೆಯದನ್ನು ಕೇಳಿ.

ಇನ್ನು ಎಲ್ಲಿ ಇಳಿಯಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ಕೆಲವು ನೀರಿಗೆ ಸರಿಯಾದ ವೇಡರ್ ಎಂಬುದೇ ಇಲ್ಲ.

ಟ್ಯೂಬು ನಿಂತ ನೀರಿಗೆ ಮಾತ್ರ. ಹರಿಯುವ ಹೊಳೆಗೆ ಅಲ್ಲ. ಮಹಶೀರ್ ಎಂದರೆ ಕಣ್ಣರಳಿಸುವವರು ನಮ್ಮಲ್ಲಿ ಬಹಳ. ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಹಿಡಿದದ್ದು ಗಾಳಗಾರರ ಲೋಕದಲ್ಲಿ ಇಂದಿಗೂ ಹೆಸರಾದ ಸಂಗತಿ. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿದರು. ಅದರ ನೆಲೆಯಾದ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತು ವರ್ಷಗಳೇ ಆದವು. ಉತ್ತರದ ರಾಮಗಂಗೆ, ಕಾಳಿ ನದಿಗಳಲ್ಲಿ ಬಂಗಾರದ ಬಣ್ಣದ ಮಹಶೀರ್ ಇದೆ. ಅದನ್ನು ದಡದಿಂದ ಪರವಾನಗಿ ಪಡೆದು ಹಿಡಿದು ಬಿಡಬೇಕು. ಟ್ಯೂಬಿನಲ್ಲಿ ಕೂತು ಆ ಸೆಳವಿಗೆ ಹೋದರೆ ಫಿನ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಣೆಕಟ್ಟಿನ ಕೆಳಗಿನ ಹೊಳೆಯಂತೂ ಇನ್ನೂ ಮೋಸದ್ದು. 2014ರ ಜೂನ್ 8ರಂದು ಹಿಮಾಚಲದಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ನಿಮಿಷಗಳ ಹಿಂದೆ ಅವರು ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು.

ಎರಡನೆಯದು ಮೊಸಳೆ. ಕಬಿನಿ ಹಿನ್ನೀರು, ರಂಗನತಿಟ್ಟು, ತುಂಗಭದ್ರೆ, ದಾಂಡೇಲಿಯ ಕಾಳಿ, ಇತ್ತ ಕಾರ್ಬೆಟ್ ಕಾಡಿನ ರಾಮಗಂಗೆ. ಇಲ್ಲೆಲ್ಲ ಮೊಸಳೆ ಇದೆ. ಎರಡು ಕಾಲು ಇಳಿಬಿಟ್ಟು ಒದೆಯುತ್ತಾ ಕೂರುವುದಕ್ಕೆ ಇವು ಜಾಗಗಳಲ್ಲ. ಅದಕ್ಕೆ ಐದು ಮಿಲಿಮೀಟರ್ ಆದರೇನು, ಹತ್ತು ಮಿಲಿಮೀಟರ್ ಆದರೇನು?

ಮೂರನೆಯದು ನಮ್ಮ ಮನೆಯ ಹತ್ತಿರದ ಯಮುನೆ. ವಜೀರಾಬಾದಿನಿಂದ ಓಖ್ಲಾವರೆಗಿನ ಸುಮಾರು 22 ಕಿಲೋಮೀಟರ್ ನದಿಯ ಒಟ್ಟು ಉದ್ದದ ನೂರಕ್ಕೆ ಎರಡು ಭಾಗವೂ ಇಲ್ಲ. ಆದರೆ ಇಡೀ ನದಿಯ ಕೊಳೆಯಲ್ಲಿ ಬಹುಪಾಲು ಸೇರುವುದು ಇಲ್ಲಿಯೇ. ಕಾಳಿಂದಿ ಕುಂಜದ ಬಳಿ ಛಠ್ ಹಬ್ಬದ ಹೊತ್ತಿಗೆ ಬಿಳಿ ನೊರೆ ತೇಲುವುದನ್ನು ನೋಡಿದ್ದೀರಿ. ಓಖ್ಲಾದಲ್ಲಿ 1990ರಿಂದ ಪಕ್ಷಿಧಾಮ ಬೇರೆ ಇದೆ, ಅಲ್ಲಿ ಗಾಳ ಹಾಕುವಂತೆಯೇ ಇಲ್ಲ. ಹೊಸ ವೇಡರ್ ಸೋರುತ್ತದೆಯೇ ಎಂದು ಪರೀಕ್ಷೆ ಮಾಡಲೂ ಈ ನೀರಿಗೆ ಇಳಿಯಬೇಡಿ.

ಹೋಗುವ ಜಾಗ ಯಾವುದೇ ಆಗಲಿ, ಗಾಳಕ್ಕೆ ಪರವಾನಗಿ ಬೇಕು. ಭೀಮತಾಲ್, ನೌಕುಚಿಯಾತಾಲ್‌ಗಳಲ್ಲೂ ಹಾಗೆಯೇ. ಗಾಳದ ಚೀಟಿ ಸಿಕ್ಕಿತು ಎಂದರೆ ಟ್ಯೂಬು ಇಳಿಸಲು ಒಪ್ಪಿದರು ಎಂದಲ್ಲ, ಅದನ್ನು ಬೇರೆಯಾಗಿ ಕೇಳಿ. ನೌಕುಚಿಯಾತಾಲ್ ಆ ಭಾಗದ ಕೆರೆಗಳಲ್ಲೆಲ್ಲ ಆಳವಾದದ್ದು. ದಡದಿಂದ ನಾಲ್ಕು ಮಾರು ಹೋದರೆ ಕಾಲಿಗೆ ನೆಲ ಸಿಗುತ್ತದೆ ಎಂಬ ಭರವಸೆ ಅಲ್ಲಿ ಬೇಡ. ದಡದಲ್ಲಿ ಒಬ್ಬರು ಇರಲಿ. ಕೊರಳಲ್ಲಿ ಒಂದು ಸೀಟಿ ಇರಲಿ.

ಕೊನೆಯದಾಗಿ ಕಾಪಾಡುವ ವಿಷಯ. ಇದು ದೆಹಲಿಯವರಿಗೆ ವಿಶೇಷವಾಗಿ. ವೇಡರ್ ಹಾಳಾಗುವುದು ನೀರಿನಲ್ಲಿ ಕಡಿಮೆ, ಮನೆಯಲ್ಲಿ ಹೆಚ್ಚು. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಊರಿದು. ಕಾರಿನ ಡಿಕ್ಕಿಯಲ್ಲೋ ಬಾಲ್ಕನಿಯಲ್ಲೋ ಬಿಟ್ಟರೆ ಹೊಲಿಗೆಯ ಮೇಲಿನ ಅಂಟುಪಟ್ಟಿ ಬಿಟ್ಟುಕೊಳ್ಳುತ್ತದೆ, ರಬ್ಬರು ಬಿರಿಯುತ್ತದೆ. ಬಂದ ಕೂಡಲೇ ಒಳ್ಳೆಯ ನೀರಲ್ಲಿ ತೊಳೆದು, ಮೊದಲು ಒಳಭಾಗ, ಆಮೇಲೆ ಹೊರಭಾಗ ನೆರಳಲ್ಲಿ ಒಣಗಿಸಿ. ಮಡಚಿ ಗಂಟು ಕಟ್ಟದೆ ತೂಗುಹಾಕಿ. ಒದ್ದೆ ಅನ್ನಿಸಿದ ಮಾತ್ರಕ್ಕೆ ಸೋರುತ್ತಿದೆ ಅಂದುಕೊಳ್ಳಬೇಡಿ. ಬೆವರಾದರೆ ಎಲ್ಲ ಕಡೆ ಒಂದೇ ಸಮ ತೇವ ಇರುತ್ತದೆ. ತೂತಾದರೆ ಒಂದೇ ಜಾಗದಲ್ಲಿ ತಣ್ಣಗೆ ಚುಚ್ಚಿದ ಹಾಗಿರುತ್ತದೆ. ರಾತ್ರಿ ದೀಪ ಆರಿಸಿ ತೆಳು ವೇಡರ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಸಣ್ಣ ತೂತು ನಕ್ಷತ್ರದ ಹಾಗೆ ಹೊಳೆಯುತ್ತದೆ. ಅಲ್ಲಿ ಅದಕ್ಕೆಂದೇ ಸಿಗುವ ಅಂಟು ಒಂದು ಹನಿ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಿ.

ನಮ್ಮ ನೊಯ್ಡಾದ ಶ್ರೋತೃವಿಗೆ, ಅವರ ಜೊತೆ ಹೊರಡುವವರಿಗೆ, ಎಲ್ಲವನ್ನೂ ಸೇರಿಸಿ ಕೊಳ್ಳುವ ಕ್ರಮದಲ್ಲಿ ಮತ್ತೊಮ್ಮೆ ಹೇಳುತ್ತೇನೆ. ಮೊದಲು ಲೈಫ್ ಜಾಕೆಟ್. ಆಮೇಲೆ ಎದೆಮಟ್ಟದ, ಕಾಲುಚೀಲದ ಪಾದದ ವೇಡರ್, ಬೂಟು, ಫಿನ್, ಮೂರನ್ನೂ ಒಟ್ಟಿಗೆ ತೊಟ್ಟು, ಕೂತು, ಒದ್ದು ನೋಡಿ. ನಿಮ್ಮ ನೀರಿನ ಚಳಿಗೆ ತಕ್ಕ ಬಟ್ಟೆ, ಬಟ್ಟೆಗೆ ತಕ್ಕ ಒಳ ಉಡುಪು. ಮೇಲೆ ಬೆಲ್ಟು. ಮೊದಲ ಸಲ ಮೊಣಕಾಲುದ್ದ ನೀರಿನಲ್ಲಿ, ಗೆಳೆಯನೊಬ್ಬನನ್ನು ಪಕ್ಕದಲ್ಲಿಟ್ಟುಕೊಂಡು, ಗಾಳವಿಲ್ಲದೆ ಅರ್ಧ ಗಂಟೆ ಕೂತು ಎದ್ದು ಅಭ್ಯಾಸ ಮಾಡಿ. ಬೇಕೆಂದೇ ಸ್ವಲ್ಪ ನೀರು ಒಳಗೆ ಬಿಟ್ಟುಕೊಂಡು ದಡ ಹತ್ತಿ ನೋಡಿ. ಆ ಭಾರ ಹೇಗಿರುತ್ತದೆ ಎಂದು ಕಾಲಿಗೆ ಒಮ್ಮೆ ತಿಳಿದಿರಲಿ.

ಇಷ್ಟೆಲ್ಲ ಮಾಡಿದ ಮೇಲೆ ಮೀನು ಸಿಗುತ್ತದೆಯೇ ಎಂದು ಮಾತ್ರ ಕೇಳಬೇಡಿ. ಅದು ಮೀನಿನ ಇಷ್ಟ. ನೀವು ಬೆಚ್ಚಗೆ, ಒಣಗಿ, ನಗುತ್ತಾ ಮನೆಗೆ ಬಂದರೆ ಅಷ್ಟೇ ಸಾಕು, ನಮ್ಮ ಕಾರ್ಯಕ್ರಮಕ್ಕೆ ಮತ್ತೊಂದು ಪತ್ರ ಬರೆಯಬಹುದು.